ಒಂಬತ್ತನೇ ಮಹಡಿಯ ಬೀಗ

ಅಮ್ಮ 14 ವರ್ಷ ಗಾರ್ಮೆಂಟ್ಸ್‌ಗೆ ಹೋದಳು. ಮೈಸೂರು ರಸ್ತೆ ಕಡೆಯ ಒಂದು ಫ್ಯಾಕ್ಟರಿ, ಹೆಸರು ಬೇಡ. ವಾರಕ್ಕೆ ಆರು ದಿನ ಕೆಲಸ. ಸಂಜೆ ಶಿಫ್ಟ್ ಬಿಟ್ಟಾಗ ಗೇಟಿನ ಹತ್ತಿರ ಸಾಲು. ಲೇಡಿ ಸೆಕ್ಯುರಿಟಿ ಒಬ್ಬೊಬ್ಬರದೇ ಬ್ಯಾಗ್ ತೆಗೆಸಿ ನೋಡಬೇಕು, ಆಮೇಲೇ ಹೊರಗೆ. ಎಷ್ಟು ಸಲ ಅವಳ ಬ್ಯಾಗ್ ಚೆಕ್ ಆಗಿರಬಹುದು ಅಂತ ಒಮ್ಮೆ ಲೆಕ್ಕ ಹಾಕಿದೆ. ನಾಲ್ಕು ಸಾವಿರ ದಾಟಿತು. ಬ್ಯಾಗಿನಲ್ಲಿ ಇದ್ದದ್ದು ಊಟದ ಡಬ್ಬಿ, ನೀರಿನ ಬಾಟಲಿ, ಒಂದು ಬಾಚಣಿಗೆ, ಬಸ್ ಪಾಸು. ಡಬ್ಬಿಯ ಮುಚ್ಚಳವನ್ನೂ ತೆಗೆಸುತ್ತಿದ್ದರಂತೆ. "ಸಾರಿನ ಡಬ್ಬೀಲಿ ಯಾರಾದ್ರೂ ಶರ್ಟ್ ಇಟ್ಕೊಂಡು ಬರ್ತಾರೇನೇ?" ಅಂತ ಅಮ್ಮ ನಗುತ್ತಿದ್ದಳು. ಆದರೆ ಆ ಸಾಲಿನಿಂದಾಗಿ ಏಳು ಗಂಟೆ ಬಸ್ ತಪ್ಪಿದ ದಿನ ನಗುತ್ತಿರಲಿಲ್ಲ.

ಆ ಫ್ಲೋರಿನಿಂದ ಇಳಿಯಲು ಎರಡು ಮೆಟ್ಟಿಲುಗಳಿದ್ದವು. ಬಳಕೆಯಲ್ಲಿ ಇದ್ದದ್ದು ಒಂದೇ. ಇನ್ನೊಂದಕ್ಕೆ ಬೀಗ. ಎರಡು ಕಡೆಯಿಂದ ಜನ ಇಳಿದರೆ ಚೆಕ್ ಮಾಡಲು ಎರಡು ಕಡೆ ಆಳು ಬೇಕಲ್ಲ, ಅದಕ್ಕೆ. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಸ್ಕೂಲು, ಟ್ಯೂಷನ್, ಪರೀಕ್ಷೆ ಅಂತ ನನ್ನದೇ ಲೋಕದಲ್ಲಿದ್ದೆ.

ಎರಡು ವರ್ಷದ ಹಿಂದೆ ಆಫೀಸಿನವರು ನ್ಯೂಯಾರ್ಕ್‌ಗೆ ಕಳಿಸಿದರು. ಮಾರ್ಚ್ ಕೊನೆ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಶನಿವಾರ ಭಾನುವಾರ ಸುಮ್ನೆ ಊರು ಸುತ್ತುವುದು ನನ್ನ ಚಾಳಿ. ಈಸ್ಟ್ ವಿಲೇಜ್ ಕಡೆ ಹೋಗುತ್ತಿದ್ದಾಗ ಒಂದು ಹಳೇ ಮನೆಯ ಮುಂದೆ, ಫುಟ್‌ಪಾತ್ ಮೇಲೆ, ಬಣ್ಣದ ಸೀಮೆಸುಣ್ಣದಲ್ಲಿ ಏನೋ ಬರೆದಿದ್ದರು. ರಂಗೋಲಿ ಕಂಡ ಹಾಗಾಗಿ ನಿಂತೆ. ಒಂದು ಹೆಸರು. ವಯಸ್ಸು 17. ಟ್ರಯಾಂಗಲ್ ಫ್ಯಾಕ್ಟರಿಯ ಬೆಂಕಿ, 1911ರ ಮಾರ್ಚ್ 25. ಎರಡು ಬೀದಿ ಆಚೆ ಇನ್ನೊಂದು ಹೆಸರು. ಪ್ರತಿ ವರ್ಷ ಆ ದಿನ ಜನ ಹೀಗೆ ಸೀಮೆಸುಣ್ಣ ಹಿಡಿದು ಹೊರಡುತ್ತಾರೆ. ಸತ್ತವರು ಬದುಕಿದ್ದಾಗ ಯಾವ ಮನೆಯಲ್ಲಿದ್ದರೋ ಅದೇ ಮನೆಯ ಮುಂದೆ ಅವರ ಹೆಸರು ಬರೆಯುತ್ತಾರೆ. ಮಳೆ ಬಂದರೆ ಅಳಿಸಿಹೋಗುತ್ತದೆ. ಮುಂದಿನ ವರ್ಷ ಮತ್ತೆ ಬರೆಯುತ್ತಾರೆ.

ಅಲ್ಲಿಂದ ಫ್ಯಾಕ್ಟರಿ ಇದ್ದ ಕಟ್ಟಡಕ್ಕೆ ನಡೆದುಕೊಂಡೇ ಹೋಗಬಹುದು. ವಾಷಿಂಗ್ಟನ್ ಚೌಕದ ಮಗ್ಗುಲಲ್ಲಿ, ಗ್ರೀನ್ ಸ್ಟ್ರೀಟ್ ಮೂಲೆಯಲ್ಲಿ ಅದು ಈಗಲೂ ನಿಂತಿದೆ. ಹತ್ತು ಮಹಡಿ. ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಟ್ಟಡ, ಒಳಗೆ ಪ್ರಯೋಗಾಲಯಗಳು. ಆಗ ಅದರ ಹೆಸರು ಆಶ್ ಬಿಲ್ಡಿಂಗ್. ಕಟ್ಟಿ ಹತ್ತು ವರ್ಷ ಆಗಿತ್ತು ಅಷ್ಟೇ. ಬೆಂಕಿಗೆ ಜಗ್ಗದ ಕಟ್ಟಡ ಅಂತ ಹೆಸರು. ಅದು ಸುಳ್ಳೇನಲ್ಲ, ಕಟ್ಟಡ ಉಳಿಯಿತು. ಒಳಗಿದ್ದ 146 ಜನ ಉಳಿಯಲಿಲ್ಲ.

ಮೇಲಿನ ಮೂರು ಮಹಡಿ ಟ್ರಯಾಂಗಲ್ ವೇಸ್ಟ್ ಕಂಪನಿಯದು. ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಮಾಲೀಕರು. ಅಲ್ಲಿ ಹೊಲಿಯುತ್ತಿದ್ದದ್ದು ಶರ್ಟ್‌ವೇಸ್ಟ್, ಅಂದರೆ ಗಂಡಸರ ಅಂಗಿಯ ಹಾಗೆ ಮುಂದೆ ಗುಂಡಿ ಇರುವ, ಉದ್ದ ಲಂಗದ ಮೇಲೆ ಹಾಕಿಕೊಳ್ಳುವ ಬ್ಲೌಸು. ಆಫೀಸಿಗೆ ಹೋಗುವ ಹೆಂಗಸರು, ಟೈಪಿಸ್ಟ್‌ಗಳು, ಟೀಚರುಗಳು ಎಲ್ಲರೂ ಆಗ ಅದನ್ನೇ ತೊಡುತ್ತಿದ್ದರು. ಹೊಸ ಕಾಲದ ಹೆಂಗಸಿನ ಗುರುತು ಅದು. ಹೊಲಿಯುತ್ತಿದ್ದವರು ರಷ್ಯಾ ಕಡೆಯಿಂದ ಬಂದ ಯಹೂದಿ ಹುಡುಗಿಯರು, ಇಟಲಿಯ ಹುಡುಗಿಯರು. ಒಟ್ಟು ಸುಮಾರು 500 ಜನ. ಎಂಟರಲ್ಲಿ ಕಟಿಂಗ್, ಒಂಬತ್ತರಲ್ಲಿ ಹೊಲಿಗೆ, ಹತ್ತರಲ್ಲಿ ಇಸ್ತ್ರಿ, ಪ್ಯಾಕಿಂಗ್ ಮತ್ತು ಮಾಲೀಕರ ಆಫೀಸು. ಒಂಬತ್ತನೇ ಮಹಡಿಯಲ್ಲಿ ಸುಮಾರು 240 ಮೆಷಿನ್, ಉದ್ದುದ್ದ ಸಾಲು, ಸಾಲುಗಳ ನಡುವೆ ಕುರ್ಚಿ, ಬುಟ್ಟಿ. ಗಾರ್ಮೆಂಟ್ಸ್ ಒಳಗೆ ಒಂದು ಸಲ ಕಾಲಿಟ್ಟವರಿಗೂ ಇದು ಕಣ್ಣಿಗೆ ಕಟ್ಟುತ್ತದೆ.

ಶನಿವಾರ, ಸಂಜೆ 4.40ರ ಸುಮಾರು. ಇನ್ನು ಐದು ನಿಮಿಷಕ್ಕೆ ಕೆಲಸ ಬಿಡುವ ಹೊತ್ತು. ಎಂಟನೇ ಮಹಡಿಯ ಕಟಿಂಗ್ ಟೇಬಲ್ ಕೆಳಗೆ ಚಿಂದಿ ತುಂಬುವ ಪೆಟ್ಟಿಗೆ ಇತ್ತು. ತೆಳು ಹತ್ತಿ ಬಟ್ಟೆ ಮತ್ತು ತೆಳು ಕಾಗದದ ಚೂರುಗಳು ತಿಂಗಳುಗಟ್ಟಲೆ ಅದರಲ್ಲಿ ಬಿದ್ದಿದ್ದವು. ಯಾರೋ ಎಸೆದ ಸಿಗರೇಟೋ ಬೆಂಕಿಕಡ್ಡಿಯೋ ಇರಬೇಕು ಅನ್ನುತ್ತಾರೆ. ಬಕೆಟ್ಟಿನಲ್ಲಿ ನೀರು ಎರಚಿದರು, ಆರಲಿಲ್ಲ. ಎಂಟರಲ್ಲಿದ್ದವರು ಹತ್ತಕ್ಕೆ ಫೋನ್ ಮಾಡಿದರು. ಅಲ್ಲಿದ್ದ ಮಾಲೀಕರು ಮತ್ತು ಉಳಿದವರಲ್ಲಿ ಹೆಚ್ಚಿನವರು ತಾರಸಿಗೆ ಹತ್ತಿದರು. ಪಕ್ಕದ ಕಟ್ಟಡದಲ್ಲಿ ಕಾನೂನು ಓದುತ್ತಿದ್ದ ಹುಡುಗರು ಏಣಿ ಇಳಿಬಿಟ್ಟು ಅವರನ್ನು ದಾಟಿಸಿಕೊಂಡರು. ಒಂಬತ್ತಕ್ಕೆ ಯಾರೂ ಹೇಳಲಿಲ್ಲ. ಅವರಿಗೆ ಸುದ್ದಿ ಬಂದದ್ದು ಬೆಂಕಿಯ ಜೊತೆಗೇ.

ಒಂಬತ್ತರಿಂದ ಇಳಿಯಲು ಎರಡು ಮೆಟ್ಟಿಲು. ಗ್ರೀನ್ ಸ್ಟ್ರೀಟ್ ಕಡೆಯದರಲ್ಲಿ ಬೇಗ ಬೆಂಕಿ ತುಂಬಿತು. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ. ಯಾಕೆ ಅಂತ ನೀವು ಆಗಲೇ ಊಹಿಸಿರುತ್ತೀರಿ. ಸಂಜೆ ಎಲ್ಲರೂ ಒಂದೇ ಕಡೆಯಿಂದ ಹೋಗಬೇಕು, ಹೋಗುವಾಗ ಕೈಚೀಲ ತೆಗೆದು ತೋರಿಸಬೇಕು. ಯಾರಾದರೂ ಒಂದು ಬ್ಲೌಸು ಕದ್ದುಬಿಟ್ಟರೆ?

ಅಲ್ಲಿ ಗೋಡೆಗೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ. ನನಗೆ ಕಾಣುತ್ತಿದ್ದದ್ದು ನ್ಯೂಯಾರ್ಕ್ ಅಲ್ಲ, ಅಮ್ಮನ ಸಾರಿನ ಡಬ್ಬಿ.

ಹಿಂದುಗಡೆ ಒಂದು ಕಬ್ಬಿಣದ ಮೆಟ್ಟಿಲು ಇತ್ತು. ಅಷ್ಟು ದೊಡ್ಡ ಕಟ್ಟಡಕ್ಕೆ ಮೂರು ಮೆಟ್ಟಿಲು ಬೇಕು ಅಂತ ಮಾತು ಬಂದಾಗ ಇದನ್ನೇ ಮೂರನೆಯದು ಅಂತ ಲೆಕ್ಕ ತೋರಿಸಿದ್ದರು. ಜನರ ಭಾರಕ್ಕೆ ಅದು ಬಾಗಿ ಕಿತ್ತು ಬಿತ್ತು. ಇನ್ನು ಲಿಫ್ಟು. ಅದನ್ನು ನಡೆಸುತ್ತಿದ್ದ ಇಬ್ಬರು, ಜೋಸೆಫ್ ಝಿಟೋ ಮತ್ತು ಗ್ಯಾಸ್ಪರ್ ಮೊರ್ಟಿಲ್ಲಾರೋ, ಬೆಂಕಿಯ ನಡುವೆಯೇ ಮತ್ತೆ ಮತ್ತೆ ಮೇಲೆ ಹೋಗಿ ಜನರನ್ನು ತುಂಬಿಕೊಂಡು ಬಂದರು. ಲಿಫ್ಟು ಇನ್ನು ಹತ್ತದ ಮೇಲೆ ಹುಡುಗಿಯರು ಅದರ ಗುಂಡಿಗೇ ಹಾರಿದರು. ಅಗ್ನಿಶಾಮಕದವರ ಏಣಿ ಆರನೇ ಮಹಡಿ ಹತ್ತಿರವೇ ನಿಂತುಹೋಯಿತು. ಕೆಳಗೆ ಹಿಡಿದ ಬಲೆಗಳು ಬಿದ್ದವರ ರಭಸಕ್ಕೆ ಹರಿದವು. ಬೀದಿಯಲ್ಲಿದ್ದವರು ಮೊದಲು, ಯಾರೋ ಬಟ್ಟೆಯ ಗಂಟು ಉಳಿಸಿಕೊಳ್ಳಲು ಕಿಟಕಿಯಿಂದ ಎಸೆಯುತ್ತಿದ್ದಾರೆ ಅಂದುಕೊಂಡರಂತೆ.

ಸುಮಾರು ಹದಿನೆಂಟು ನಿಮಿಷದಲ್ಲಿ ಎಲ್ಲ ಮುಗಿಯಿತು. ಸತ್ತವರಲ್ಲಿ 123 ಹೆಂಗಸರು ಮತ್ತು ಹುಡುಗಿಯರು, 23 ಗಂಡಸರು. ಎಲ್ಲರಿಗಿಂತ ಚಿಕ್ಕವರಿಗೆ 14 ವರ್ಷ.

ಅಮ್ಮನ ಫ್ಯಾಕ್ಟರಿಯಲ್ಲೂ ಒಮ್ಮೆ ಹೊಗೆ ಬಂದಿತ್ತು. ಇಸ್ತ್ರಿ ಸೆಕ್ಷನ್ನಿನಲ್ಲಿ ವೈರ್ ಸುಟ್ಟದ್ದು, ದೊಡ್ಡದೇನಲ್ಲ. ಆದರೆ ಹೊಗೆ ಕಂಡ ತಕ್ಷಣ ಇನ್ನೂರು ಮುನ್ನೂರು ಹೆಂಗಸರು ಒಂದೇ ಬಾಗಿಲಿಗೆ ನುಗ್ಗಿದರು. ಇನ್ನೊಂದು ಬಾಗಿಲಿನ ಹತ್ತಿರ ಹೋದವರು ಬೀಗ ನೋಡಿ ವಾಪಸ್ ಓಡಿದರು. ಬೀಗದ ಕೈ ಕೆಳಗೆ ಗೇಟಿನ ಸೆಕ್ಯುರಿಟಿಯವನ ಸೊಂಟದಲ್ಲಿತ್ತು. ಯಾರಿಗೂ ಏನೂ ಆಗಲಿಲ್ಲ. ಒಬ್ಬಳ ಕಾಲು ಉಳುಕಿತು, ತುಂಬಾ ಚಪ್ಪಲಿಗಳು ಕಳೆದುಹೋದವು. ಅಮ್ಮ ಅವತ್ತು ಬರಿಗಾಲಲ್ಲಿ ಬಸ್ ಹತ್ತಿ ಬಂದಳು. ಮಾರನೇ ದಿನ ಟಾರ್ಗೆಟ್ ಜಾಸ್ತಿ ಮಾಡಿದರು, ಹಿಂದಿನ ದಿನದ ಪ್ರೊಡಕ್ಷನ್ ಹೋಯಿತಲ್ಲ ಅಂತ. ಬೀಗ ಹಾಗೇ ಇತ್ತು.

ಟ್ರಯಾಂಗಲ್ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಕಾಡಿದ್ದು ಬೆಂಕಿಗಿಂತ, ಅದಕ್ಕೆ ಒಂದೂವರೆ ವರ್ಷ ಮುಂಚಿನ ಒಂದು ಸಂಜೆ. 1909ರ ನವೆಂಬರ್ 22. ಕೂಪರ್ ಯೂನಿಯನ್ ಸಭಾಂಗಣ. ಟ್ರಯಾಂಗಲ್ ಮತ್ತು ಇನ್ನೊಂದೆರಡು ಕಡೆಯ ಹುಡುಗಿಯರು ಆಗಲೇ ಮುಷ್ಕರದಲ್ಲಿದ್ದರು. ಊರಿನ ಎಲ್ಲ ಬ್ಲೌಸ್ ಫ್ಯಾಕ್ಟರಿಗಳಲ್ಲೂ ಮುಷ್ಕರ ಮಾಡಬೇಕಾ ಬೇಡವಾ ಅಂತ ಸಭೆ. ವೇದಿಕೆ ತುಂಬಾ ದೊಡ್ಡವರು. ಅಮೆರಿಕದ ಕಾರ್ಮಿಕ ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್ ಕೂಡ ಇದ್ದ. ಒಬ್ಬರಾದ ಮೇಲೆ ಒಬ್ಬರು ಎಚ್ಚರಿಕೆಯ ಭಾಷಣ. ನೋಡಿ ಮಾಡೋಣ, ಯೋಚಿಸಿ ಮಾಡೋಣ. ನಮ್ಮಲ್ಲೂ ಕೇಳಿದ್ದೇವಲ್ಲ. ಆಗ 23 ವರ್ಷದ ಕ್ಲಾರಾ ಲೆಮ್ಲಿಚ್ ನನಗೂ ಮಾತಾಡಬೇಕು ಅಂತ ಎದ್ದಳು. ಕೆಲವು ವಾರ ಮುಂಚೆ ಬಾಡಿಗೆ ಗೂಂಡಾಗಳು ಹೊಡೆದು ಅವಳ ಪಕ್ಕೆಲುಬು ಮುರಿದಿದ್ದರು. ಅವಳು ಯಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಹೇಳಿದ ಮಾತಿನ ತಿರುಳು ಇಷ್ಟು: ಭಾಷಣ ಕೇಳಿ ಕೇಳಿ ಸಾಕಾಗಿದೆ, ಮುಷ್ಕರ ಮಾಡೋಣ ಅಂತ ನಿರ್ಣಯ ಮಂಡಿಸುತ್ತಿದ್ದೇನೆ. ಸಭೆ ಎದ್ದು ನಿಂತಿತು. ಮಾತಿಗೆ ತಪ್ಪಿದರೆ ಈ ಎತ್ತಿದ ಕೈ ಒಣಗಿಹೋಗಲಿ ಅಂತ ಎಲ್ಲರೂ ಕೈ ಎತ್ತಿ ಆಣೆ ಮಾಡಿದರು.

ಇಪ್ಪತ್ತು ಸಾವಿರ ಜನ ಬೀದಿಗೆ ಬಂದರು. ಹೆಚ್ಚಿನವರು ಹದಿನಾರು, ಹದಿನೆಂಟು, ಇಪ್ಪತ್ತರ ಹುಡುಗಿಯರು. ಅವರಿಗೆ ಇದ್ದ ಸಿಟ್ಟು ಬರೀ ಕೂಲಿಯದ್ದಲ್ಲ. ಸೂಜಿಗೆ ದುಡ್ಡು ಹಿಡಿಯುತ್ತಿದ್ದರು, ದಾರಕ್ಕೆ ಹಿಡಿಯುತ್ತಿದ್ದರು, ಮೆಷಿನ್ ಓಡಿಸುವ ಕರೆಂಟಿಗೂ ಹಿಡಿಯುತ್ತಿದ್ದರು. ಬೀಗದ ಮಾತು, ಬೆಂಕಿ ಬಂದರೆ ಇಳಿಯುವ ಮೆಟ್ಟಿಲಿನ ಮಾತು ಆಗಲೇ ಎದ್ದಿತ್ತು. ಪೊಲೀಸರು ಹಿಡಿದು ಕೋರ್ಟಿಗೆ ಎಳೆದರು. ಒಬ್ಬ ಮ್ಯಾಜಿಸ್ಟ್ರೇಟ್, ನಿಮ್ಮ ಮುಷ್ಕರ ದೇವರ ವಿರುದ್ಧ ಅಂತಲೇ ಬೈದ. ಆಗ ಒಂದು ವಿಚಿತ್ರ ನಡೆಯಿತು. ಊರಿನ ಕೋಟ್ಯಧೀಶರ ಮನೆಯ ಹೆಂಗಸರು ಈ ಹುಡುಗಿಯರ ಬೆನ್ನಿಗೆ ನಿಂತರು. ಬ್ಯಾಂಕರ್ ಜೆ.ಪಿ. ಮಾರ್ಗನ್‌ನ ಮಗಳು ಆ್ಯನ್ ಮಾರ್ಗನ್, ಆಲ್ವಾ ಬೆಲ್ಮಾಂಟ್. ತುಪ್ಪಳದ ಕೋಟು ಹಾಕಿಕೊಂಡು ಬಂದವರನ್ನು ಪತ್ರಿಕೆಯವರು ತುಪ್ಪಳದ ದಂಡು ಅಂತ ಕರೆದರು. ತಮಾಷೆ ಮಾಡಬಹುದು. ಆದರೆ ಜಾಮೀನಿಗೆ ದುಡ್ಡು ಬಂದದ್ದು ಅಲ್ಲಿಂದಲೂ ಹೌದು.

1910ರ ಫೆಬ್ರವರಿ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಫ್ಯಾಕ್ಟರಿಗಳು ಒಪ್ಪಂದಕ್ಕೆ ಸಹಿ ಹಾಕಿದವು. ಟ್ರಯಾಂಗಲ್ ಸ್ವಲ್ಪ ಕೂಲಿ ಏರಿಸಿತು, ಯೂನಿಯನ್ ಮಾತ್ರ ಒಪ್ಪಲಿಲ್ಲ. ಹುಡುಗಿಯರು ಅದೇ ಒಂಬತ್ತನೇ ಮಹಡಿಗೆ, ಅದೇ ಬೀಗದ ಬಾಗಿಲಿನ ಒಳಗೆ, ವಾಪಸ್ ಹೋದರು.

ಹಾಗಾಗಿ ದುರಂತ ನಡೆದು ಎಲ್ಲರ ಕಣ್ಣು ತೆರೆಯಿತು ಅನ್ನುವ ಕತೆ ನನಗೆ ಒಪ್ಪಿಗೆಯಿಲ್ಲ. ಕಣ್ಣು ತೆರೆಸುವವರು ಮುಂಚೆಯೇ ಬೀದಿಯಲ್ಲಿ ನಿಂತು ಕೂಗಿದ್ದರು. ಬೆಂಕಿಯಾದ ಒಂದು ವಾರಕ್ಕೆ, ಏಪ್ರಿಲ್ 2ರಂದು, ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ದೊಡ್ಡವರ ಸಂತಾಪ ಸಭೆ ನಡೆಯಿತು. ಅಲ್ಲಿ ರೋಸ್ ಷ್ನೈಡರ್‌ಮನ್ ಎಂಬ ಯೂನಿಯನ್ ಹೆಂಗಸು ಮೆಲ್ಲನೆ ದನಿಯಲ್ಲಿ ಇದನ್ನೇ ಹೇಳಿದಳು. ಸುಟ್ಟುಹೋದ ಈ ದೇಹಗಳ ಮುಂದೆ ನಿಂತು ಸ್ನೇಹದ ಮಾತಾಡಿದರೆ ನಾನು ದ್ರೋಹಿ ಆಗುತ್ತೇನೆ. ನಿಮ್ಮಂಥ ಒಳ್ಳೆಯವರನ್ನೂ ನಾವು ಪರೀಕ್ಷೆ ಮಾಡಿ ನೋಡಿದ್ದೇವೆ, ನೀವು ಪಾಸಾಗಲಿಲ್ಲ, ಅನ್ನುವ ಅರ್ಥದ ಮಾತು. ದುಡ್ಡು ಕೊಡಲು ಬಂದವರ ಮುಖಕ್ಕೇ ಹೀಗೆ ಹೇಳುವುದಕ್ಕೆ ಗುಂಡಿಗೆ ಬೇಕು.

ಆ ಸಭೆಯಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಕೂಡ ಇದ್ದಳು. ಬೆಂಕಿಯ ದಿನ ಅವಳು ಅಲ್ಲೇ ಹತ್ತಿರ, ವಾಷಿಂಗ್ಟನ್ ಚೌಕದ ಒಬ್ಬ ಗೆಳತಿಯ ಮನೆಗೆ ಟೀ ಕುಡಿಯಲು ಬಂದಿದ್ದಳು. ಗಂಟೆ, ಕೂಗು ಕೇಳಿ ಲಂಗ ಎತ್ತಿಕೊಂಡು ಓಡಿದಳು. ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡಳು. ವಯಸ್ಸು 30. ನ್ಯೂಯಾರ್ಕ್ ಗ್ರಾಹಕರ ಸಂಘದಲ್ಲಿ ಕಾರ್ಯದರ್ಶಿ.

ಈ ಗ್ರಾಹಕರ ಸಂಘದ ಬಗ್ಗೆ ಒಂದು ಮಾತು. ಅದರ ರಾಷ್ಟ್ರ ಮಟ್ಟದ ಸಂಸ್ಥೆಯನ್ನು 1899ರಿಂದ ನಡೆಸುತ್ತಿದ್ದವಳು ಫ್ಲಾರೆನ್ಸ್ ಕೆಲ್ಲಿ. ಬಡ ವಲಸಿಗರಿಗಾಗಿ ಜೇನ್ ಆ್ಯಡಮ್ಸ್ ನಡೆಸುತ್ತಿದ್ದ ಷಿಕಾಗೋದ ಹಲ್ ಹೌಸ್ ಎಂಬ ಸೇವಾ ಮನೆಯಲ್ಲಿ ಅವಳ ಜೊತೆಗಿದ್ದವಳು, 1893ರಲ್ಲಿ ಇಲಿನಾಯ್ ರಾಜ್ಯದ ಮೊದಲ ಮುಖ್ಯ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಆದವಳು. ಅವಳ ಉಪಾಯ ಸರಳ. ಕಾನೂನು ಪಾಲಿಸುವ, ಮಕ್ಕಳನ್ನು ದುಡಿಸದ ಫ್ಯಾಕ್ಟರಿಯ ಒಳಉಡುಪುಗಳಿಗೆ ಒಂದು ಬಿಳಿ ಲೇಬಲ್. ಕೊಳ್ಳುವ ಹೆಂಗಸರು ಲೇಬಲ್ ನೋಡಿ ಕೊಳ್ಳಬೇಕು. ಇದನ್ನು ಓದಿ ನನಗೆ ನಗು ಬಂತು. ಅಮ್ಮನ ಫ್ಯಾಕ್ಟರಿಯಲ್ಲಿ "ಆಡಿಟ್" ಅಂತ ಬರುತ್ತಿತ್ತು. ಫಾರಿನ್ ಬೈಯರ್ ಕಡೆಯವರು ಪರಿಶೀಲನೆಗೆ ಬರುವ ದಿನ. ಅವತ್ತು ಎಲ್ಲರಿಗೂ ಮಾಸ್ಕು, ಫಸ್ಟ್ ಏಡ್ ಡಬ್ಬಿಯಲ್ಲಿ ಹೊಸ ಹತ್ತಿ, ಕುಡಿಯುವ ನೀರಿನ ಹತ್ತಿರ ಹೊಸ ಲೋಟ. ಮತ್ತು ಆ ಎರಡನೇ ಬಾಗಿಲು ಹಾರು ಹೊಡೆದಿರುತ್ತಿತ್ತು. ಬಂದವರು ಟಿಕ್ ಹಾಕಿಕೊಂಡು ಹೋಗುತ್ತಿದ್ದರು. ಕೆಲ್ಲಿಯ ಬಿಳಿ ಲೇಬಲ್ಲಿನ ಮರಿಮೊಮ್ಮಗಳೇ ಈ ಆಡಿಟ್ ಇರಬೇಕು. ಕೆಲ್ಲಿ ಮಾತ್ರ ಮುಂಚೆ ಹೇಳಿ ಹೋಗುವ ಪೈಕಿ ಅಲ್ಲ.

ಲೇಬಲ್ ಸಾಲದು, ಕಾನೂನು ಬೇಕು ಅಂತ ಪರ್ಕಿನ್ಸ್‌ಗೆ ಗೊತ್ತಿತ್ತು. 1911ರಲ್ಲೇ ನ್ಯೂಯಾರ್ಕ್ ರಾಜ್ಯ ಒಂದು ಫ್ಯಾಕ್ಟರಿ ತನಿಖಾ ಆಯೋಗ ಮಾಡಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಟ್ಯಾಮನಿ ಹಾಲಿನವರು. ಟ್ಯಾಮನಿ ಅಂದರೆ ವೋಟಿಗೆ ಕೆಲಸ, ಕೆಲಸಕ್ಕೆ ಕಮಿಷನ್ ಅನ್ನುವ ಪಕ್ಕಾ ಬೀದಿ ರಾಜಕೀಯದ ಅಡ್ಡಾ. ಸುಧಾರಕರು ವರ್ಷಗಟ್ಟಲೆ ಬೈದದ್ದು ಅವರನ್ನೇ. ಈಗ ಅವರ ಜೊತೆಗೇ ಕೂತು ಕೆಲಸ ಮಾಡಬೇಕು. ಪರ್ಕಿನ್ಸ್ ಮೂಗು ಮುರಿಯಲಿಲ್ಲ. ಗಂಡಸು ರಾಜಕಾರಣಿಗಳು ತಮ್ಮ ತಾಯಿಯನ್ನು ನೆನಪಿಸುವ ಹೆಂಗಸಿನ ಮಾತನ್ನು ಕೇಳುತ್ತಾರೆ ಅಂತ ಗಮನಿಸಿ, ಮೂವತ್ತರ ಹರೆಯದಲ್ಲೇ ಅಮ್ಮಂದಿರ ಥರ ಕಪ್ಪು ಬಟ್ಟೆ, ಮೂರು ಮೂಲೆ ಟೋಪಿ ಹಾಕಲು ಶುರು ಮಾಡಿದಳು. ಗಂಡಸರ ಮನಸ್ಸಿನ ಬಗ್ಗೆ ಟಿಪ್ಪಣಿ ಬರೆದು ಒಂದು ಕೆಂಪು ಲಕೋಟೆಯಲ್ಲಿ ಇಟ್ಟುಕೊಂಡಿದ್ದಳಂತೆ. ಎಂಥ ಚಾಲಾಕಿ ನೋಡಿ.

ಅವಳು ಮಾಡಿದ ಮುಖ್ಯ ಕೆಲಸ, ಈ ದೊಡ್ಡವರನ್ನು ಕುರ್ಚಿಯಿಂದ ಎಬ್ಬಿಸಿ ಕರೆದುಕೊಂಡು ಹೋದದ್ದು. ಒಂದು ಫ್ಯಾಕ್ಟರಿಯಲ್ಲಿ "ಬೆಂಕಿ ಮೆಟ್ಟಿಲು" ಅಂತ ಬೋರ್ಡು ಇತ್ತು. ನೋಡಿದರೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದರಾಚೆ ಮಂಜುಗಡ್ಡೆ ಕಟ್ಟಿದ ಕಡಿದಾದ ಕಬ್ಬಿಣದ ಏಣಿ, ಅದೂ ನೆಲಕ್ಕೆ 12 ಅಡಿ ಇರುವಾಗಲೇ ಮುಗಿಯುತ್ತಿತ್ತು. ಪರ್ಕಿನ್ಸ್ ವರದಿ ಬರೆದು ಸುಮ್ಮನಾಗಲಿಲ್ಲ. ಸೆನೆಟರ್ ವ್ಯಾಗ್ನರ್‌ನನ್ನೇ ಆ ಕಿಂಡಿಯಲ್ಲಿ ತೆವಳಿಸಿದಳು. ಆಬರ್ನ್ ಊರಿನ ಹಗ್ಗದ ಫ್ಯಾಕ್ಟರಿಯಲ್ಲಿ ಹತ್ತು ಗಂಟೆ ರಾತ್ರಿ ಪಾಳಿ ಮುಗಿಸಿ ಹೊರಬರುವ ಹೆಂಗಸರ ಮುಖ ನೋಡಲು ಆಲ್ ಸ್ಮಿತ್‌ನನ್ನು ಕರೆದುಕೊಂಡು ಹೋದಳು. ತರಕಾರಿ ಡಬ್ಬಿ ಮಾಡುವ ಕ್ಯಾನರಿಗಳಲ್ಲಿ ಐದು, ಆರು, ಏಳು ವರ್ಷದ ಮಕ್ಕಳು ಬೆಳಗಿನ ಜಾವಕ್ಕೇ ಕೂತು ಹುರುಳಿಕಾಯಿ ಮುರಿಯುವುದನ್ನು, ಬಟಾಣಿ ಸುಲಿಯುವುದನ್ನು ಆಯೋಗದವರಿಗೆ ತೋರಿಸಿದಳು. ಸ್ಮಿತ್ ಬಡತನದಲ್ಲಿ ಬೆಳೆದವನು, ಸ್ಕೂಲು ಅರ್ಧಕ್ಕೆ ಬಿಟ್ಟು ಮೀನು ಮಾರುಕಟ್ಟೆಯಲ್ಲಿ ದುಡಿದವನು. ಅವನಿಗೆ ಅಂಕಿಅಂಶ ಬೇಕಿರಲಿಲ್ಲ.

1912ರಲ್ಲಿ ಹೆಂಗಸರಿಗೆ ವಾರಕ್ಕೆ 54 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಅನ್ನುವ ಮಸೂದೆ ಬಂತು. ಕ್ಯಾನರಿ ಮಾಲೀಕರ ಒತ್ತಾಯಕ್ಕೆ, ಅವರಿಗೆ ಇದು ಲಾಗೂ ಇಲ್ಲ ಅಂತ ತಿದ್ದುಪಡಿ ಸೇರಿಸಿದರು. ನಾಯಕರ ಲೆಕ್ಕ ಏನಂದರೆ, ಈ ಸುಧಾರಕಿ ತಿದ್ದುಪಡಿ ಒಪ್ಪುವುದಿಲ್ಲ, ಮಸೂದೆ ತಾನಾಗಿ ಸಾಯುತ್ತದೆ, ತಪ್ಪು ನಮ್ಮ ಮೇಲೆ ಬರಲ್ಲ. ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಅಧಿವೇಶನದ ಕೊನೆ ಗಳಿಗೆ. ಪರ್ಕಿನ್ಸ್ ಒಪ್ಪಿಬಿಟ್ಟಳು! ಕೈಬಿಟ್ಟುಹೋಗುವ ಹೆಂಗಸರು ಸಾವಿರಾರು, ಅನುಕೂಲ ಆಗುವವರು ಲಕ್ಷಗಟ್ಟಲೆ. ಸಂಘ ಏನನ್ನುತ್ತದೋ ಅನ್ನುವ ಭಯ ಅವಳಿಗೆ ಇದ್ದೇ ಇತ್ತು. ಈಗ ವೋಟು ಸಾಲದು. "ಬಿಗ್ ಟಿಮ್" ಸಲಿವನ್ ಎಂಬ ಟ್ಯಾಮನಿ ಸೆನೆಟರ್ ಮನೆಗೆ ಹೋಗಲು ಆಗಲೇ ನ್ಯೂಯಾರ್ಕಿನ ರಾತ್ರಿ ಹಡಗು ಹತ್ತಿದ್ದ. ಅವನನ್ನು ಕರೆಸಿದರು. ಅವನೂ ಅವನ ಜೊತೆಗಾರನೂ ಗುಡ್ಡದ ದಾರಿಯಲ್ಲಿ ಏದುಸಿರು ಬಿಡುತ್ತಾ ಓಡಿಬಂದು ವೋಟು ಹಾಕಿದರು. ನನ್ನ ಅಕ್ಕತಂಗಿಯರಲ್ಲೂ ಒಬ್ಬಳು ಚಿಕ್ಕ ವಯಸ್ಸಿಗೇ ದುಡಿಯಲು ಹೋದವಳು, ಈ ಬಡ ಹುಡುಗಿಯರನ್ನು ಕಂಡರೆ ಅಯ್ಯೋ ಅನ್ನಿಸುತ್ತೆ, ಅಂತ ಅವನು ಹೇಳಿಕೊಂಡಿದ್ದ. ಬೈಸಿಕೊಳ್ಳಲು ತಯಾರಾಗಿ ಹೋದ ಪರ್ಕಿನ್ಸ್‌ಳನ್ನು ಫ್ಲಾರೆನ್ಸ್ ಕೆಲ್ಲಿ ತಬ್ಬಿಕೊಳ್ಳುವಷ್ಟು ಖುಷಿಪಟ್ಟಳು. ಮುಂದಿನ ವರ್ಷ ಕ್ಯಾನರಿಯ ವಿನಾಯಿತಿಗೂ ಕತ್ತರಿ ಬಿತ್ತು.

ಈ ಕತೆ ನನಗೆ ತುಂಬಾ ಇಷ್ಟ. ಆದರೂ ಒಂದು ಇರುಸುಮುರುಸು. ಕೈಬಿಟ್ಟುಹೋದ ಆ ಕ್ಯಾನರಿ ಹೆಂಗಸರಲ್ಲಿ ನಾನೊಬ್ಬಳಾಗಿದ್ದರೆ? ಮುಂದಿನ ವರ್ಷ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನು ಬಂದವು. ಓದಿದರೆ ಬೋರು ಹೊಡೆಸುವಂಥವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು. ಬಾಗಿಲು ಹೊರಕ್ಕೆ ತೆರೆಯಬೇಕು. ಎತ್ತರದ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಬೇಕು. ಫೈರ್ ಡ್ರಿಲ್ ಮಾಡಿಸಬೇಕು. ಚಿಂದಿ ಗುಡಿಸಿ ಆಚೆ ಹಾಕಬೇಕು. ಕ್ರಾಂತಿ ಅಂತ ಯಾರೂ ಇದನ್ನು ಕರೆಯಲಿಕ್ಕಿಲ್ಲ. ಆದರೆ ಬಾಗಿಲು ಒಳಕ್ಕೆ ತೆರೆಯುವುದಾದರೆ, ಹಿಂದಿನಿಂದ ನೂರು ಜನ ದೂಡುತ್ತಿರುವಾಗ ಅದನ್ನು ತೆರೆಯಲು ಸಾಧ್ಯವೇ ಇಲ್ಲ. ಎಂಟನೇ ಮಹಡಿಯಲ್ಲಿ ಆದದ್ದು ಅದೇ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಬಂದ ಹೊಸದರಲ್ಲೇ ಇದನ್ನು ಹೇಳಿತ್ತು: ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಬೇಡ, ಬಾಗಿಲು ಹೊರಕ್ಕೆ ತೆರೆಯಲಿ. ಅಮ್ಮ ಹುಟ್ಟುವ ಮುಂಚೆಯೇ ಬಂದ ಕಾನೂನು.

ಮಾಲೀಕರಿಗೆ ಏನಾಯಿತು ಅಂತ ಕೇಳಬೇಡಿ, ಹೊಟ್ಟೆ ಉರಿಯುತ್ತದೆ. ಕೇಳಿದಿರಿ ಅಂದುಕೊಂಡು ಹೇಳಿಬಿಡುತ್ತೇನೆ. 1911ರ ಡಿಸೆಂಬರಿನಲ್ಲಿ ವಿಚಾರಣೆ. ಅವರ ವಕೀಲ ಮ್ಯಾಕ್ಸ್ ಸ್ಟ್ಯೂಯರ್, ಬದುಕುಳಿದ ಒಬ್ಬ ಹುಡುಗಿಯ ಬಾಯಲ್ಲಿ ಕಣ್ಣಾರೆ ಕಂಡದ್ದನ್ನು ಮತ್ತೆ ಮತ್ತೆ ಹೇಳಿಸಿದ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಪದಗಳು ಬಂದಾಗ, ಇದು ಬಾಯಿಪಾಠ ಅಂತ ಜ್ಯೂರಿಯ ಮನಸ್ಸಿನಲ್ಲಿ ಬಿತ್ತಿದ. ಆ ಹೊತ್ತಿನಲ್ಲಿ ಬೀಗ ಹಾಕಿತ್ತು ಅಂತ ಮಾಲೀಕರಿಗೆ ಗೊತ್ತಿತ್ತು ಅನ್ನುವುದು ಸಾಬೀತಾಗಲಿಲ್ಲ. ಬಿಡುಗಡೆ. ವಿಮೆಯಿಂದ ಅವರಿಗೆ ಬಂದದ್ದು ತೋರಿಸಿದ ನಷ್ಟಕ್ಕಿಂತ ಸುಮಾರು 60,000 ಡಾಲರ್ ಜಾಸ್ತಿ. ಸತ್ತ ಒಬ್ಬೊಬ್ಬರ ಲೆಕ್ಕಕ್ಕೆ 400 ಡಾಲರಿಗೂ ಮೇಲೆ ಬೀಳುತ್ತದೆ. 1914ರಲ್ಲಿ, ದಾವೆ ಹೂಡಿದ್ದ ಮನೆಯವರಿಗೆ ಕೊಟ್ಟದ್ದು ಒಂದು ಜೀವಕ್ಕೆ 75 ಡಾಲರ್. ಇನ್ನೂ ಕೇಳಿ. 1913ರಲ್ಲಿ ಬ್ಲಾಂಕ್ ತನ್ನ ಇನ್ನೊಂದು ಫ್ಯಾಕ್ಟರಿಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ದಂಡ 20 ಡಾಲರ್.

ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿ ಆದಳು. ಆ ದೇಶದ ಸಂಪುಟದಲ್ಲಿ ಮೊದಲ ಹೆಂಗಸು. ಒಪ್ಪಿಕೊಳ್ಳುವ ಮುಂಚೆ, ಅಧ್ಯಕ್ಷನಾಗಿ ಗೆದ್ದಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮುಂದೆ ಒಂದು ಪಟ್ಟಿ ಇಟ್ಟಳಂತೆ: ಕೆಲಸಕ್ಕೆ ಗಂಟೆಯ ಮಿತಿ, ಕನಿಷ್ಠ ಕೂಲಿ, ಕೆಲಸ ಹೋದಾಗ ಭತ್ಯೆ, ವಯಸ್ಸಾದವರಿಗೆ ಪಿಂಚಣಿ, ಮಕ್ಕಳ ದುಡಿಮೆಗೆ ತಡೆ. 1935ರ ಸಾಮಾಜಿಕ ಭದ್ರತೆ ಕಾಯ್ದೆ, 1938ರ ಕೂಲಿ ಕಾಯ್ದೆ ಎರಡೂ ಅವಳ ಕಾಲದಲ್ಲೇ ಬಂದವು. ಆದರೆ ಎರಡರಲ್ಲೂ ಹೊಲದಲ್ಲಿ ದುಡಿಯುವವರು, ಮನೆಗೆಲಸದವರು ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಅಂಥವರು ಹೆಚ್ಚಾಗಿ ಕಪ್ಪು ಜನ. ಕ್ಯಾನರಿಯ ವಿನಾಯಿತಿ ಒಂದೇ ವರ್ಷಕ್ಕೆ ಹೋಯಿತು. ಇದು ಹೋಗಲು ದಶಕಗಳೇ ಹಿಡಿದವು.

ಕ್ಲಾರಾ ಲೆಮ್ಲಿಚ್ ಹೆಸರು ಯಾವ ಮಂತ್ರಿ ಪಟ್ಟಿಯಲ್ಲೂ ಇಲ್ಲ. ಮುಷ್ಕರದ ನಂತರ ಅವಳಿಗೆ ಫ್ಯಾಕ್ಟರಿಗಳಲ್ಲಿ ಕೆಲಸವೇ ಸಿಗಲಿಲ್ಲ. ತೀರಾ ವಯಸ್ಸಾದ ಮೇಲೆ ಲಾಸ್ ಏಂಜಲೀಸಿನ ಒಂದು ವೃದ್ಧಾಶ್ರಮ ಸೇರಿದಳು. ಅಲ್ಲೂ ಸುಮ್ಮನೆ ಕೂರದೆ, ಆಶ್ರಮದ ಕೆಲಸದವರಿಗೆ ಯೂನಿಯನ್ ಕಟ್ಟಲು ಹೇಳಿಕೊಟ್ಟಳು.

ಅಮ್ಮನಿಗೂ ಒಂದು ಕೂಪರ್ ಯೂನಿಯನ್ ಇತ್ತು ಅಂತ ನನಗೆ ಆಮೇಲೆ ಹೊಳೆಯಿತು. 2016ರ ಏಪ್ರಿಲ್. ಪಿಎಫ್ ದುಡ್ಡನ್ನು ಪೂರ್ತಿ ತೆಗೆಯಲು ಬಿಡುವುದಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಬದಲಿಸಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ, ಯಾವ ದೊಡ್ಡ ನಾಯಕರೂ ಕರೆ ಕೊಡದೆ, ಹೊಸೂರು ರಸ್ತೆ, ತುಮಕೂರು ರಸ್ತೆಗೆ ಬಂದು ಕೂತರು. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅಮ್ಮ ಮೆಷಿನ್ ಬಿಟ್ಟು ಎದ್ದವಳು, ಎರಡನೇ ದಿನ ಸಂಜೆ ಮನೆಗೆ ಬಂದಾಗ ಗಂಟಲು ಕಟ್ಟಿತ್ತು. "ನೀನೂ ಕೂಗಿದ್ಯಾ?" ಅಂದೆ. "ಎಲ್ರೂ ಕೂಗ್ತಿದ್ರು, ನಾನೊಬ್ಳು ಬಾಯಿ ಮುಚ್ಕೊಂಡು ಕೂರಕ್ಕಾಗುತ್ತಾ" ಅಂದಳು. ಅದೇ ರಾಜ್ಯದಲ್ಲಿ 2023ರಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅಂತ ಕಾಯ್ದೆಗೆ ತಿದ್ದುಪಡಿ ಆದಾಗ ಅಮ್ಮ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಟಿವಿಯಲ್ಲಿ ನೋಡಿ, ವಾರಕ್ಕೆ 48 ಗಂಟೆ ದಾಟಲ್ಲವಂತೆ ಅಂತ ನಾನು ಸಮಾಧಾನ ಹೇಳಿದರೆ, "ಓಟಿ ಅನ್ನೋದನ್ನ ನೀನು ನೋಡಿಲ್ಲ ಬಿಡು" ಅಂದಿದ್ದಳು.

ಆ ಭಾನುವಾರ ಬೆಳಿಗ್ಗೆ ಮತ್ತೆ ಗ್ರೀನ್ ಸ್ಟ್ರೀಟಿಗೆ ಹೋಗಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ. 2023ರ ಅಕ್ಟೋಬರಿನಲ್ಲಿ ಆ ಕಟ್ಟಡಕ್ಕೆ ಒಂದು ಸ್ಮಾರಕ ಹಾಕಿದ್ದಾರೆ. ತಲೆಯ ಮೇಲೆ ಎತ್ತರದಲ್ಲಿ ಸ್ಟೀಲಿನ ಪಟ್ಟಿ, ಅದರಲ್ಲಿ 146 ಹೆಸರುಗಳನ್ನು ಕೊರೆದಿದ್ದಾರೆ. ಕೆಳಗೆ ಸೊಂಟದ ಎತ್ತರಕ್ಕೆ ಕನ್ನಡಿಯಂಥ ಕಪ್ಪು ಹಲಗೆ. ಬಗ್ಗಿ ನೋಡಿದರೆ ಮೇಲಿನ ಹೆಸರುಗಳು ಅದರಲ್ಲಿ ಕಾಣುತ್ತವೆ, ಜೊತೆಗೆ ನಮ್ಮ ಮುಖವೂ. ಫೋನ್ ಹಿಡಿದು ಎಲ್ಲ ತೋರಿಸಿದೆ. ಒಂಬತ್ತನೇ ಮಹಡಿಯ ಕಿಟಕಿ ಎಣಿಸಿ ತೋರಿಸಿದೆ. ಬೀಗದ ವಿಷಯ ಹೇಳಿದೆ.

ಅಮ್ಮ "ಅಯ್ಯೋ" ಅಂದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರು ಹೊಲೀತಿದ್ದದ್ದು ಎಂಥ ಬಟ್ಟೆ ಅಂತ ಕೇಳಿದಳು. ಹಳೇ ಶರ್ಟ್‌ವೇಸ್ಟ್ ಒಂದರ ಫೋಟೊ ಹುಡುಕಿ ಕಳಿಸಿದೆ. ಕನ್ನಡಕ ತರಲು ಎದ್ದು ಹೋದಳು. ವಾಪಸ್ ಬಂದು ಫೋಟೊ ದೊಡ್ಡದು ಮಾಡಿ, ಎದೆಯ ಭಾಗ, ಕಾಲರು, ಕಫು, ಒಂದೊಂದೇ ನೋಡಿದಳು. ಎದೆಯ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಮಡಿಕೆ ಹೊಲಿಗೆ, ಒಂದರ ಪಕ್ಕ ಒಂದು.

"ಇಷ್ಟು ಸಣ್ಣ ಟಕ್ಸ್ ಹಾಕಿದ್ದಾರಲ್ಲೇ. ಮೆಷಿನ್ ನಿಧಾನ ಬಿಡ್ಬೇಕು, ಇಲ್ದಿದ್ರೆ ಓರೆಯಾಗುತ್ತೆ. ಗಂಟೆಗೆ ಎಷ್ಟು ಪೀಸ್ ಕೇಳ್ತಿದ್ರಂತೆ?"

ನಾನು ಅದನ್ನು ಎಲ್ಲೂ ಓದಿರಲಿಲ್ಲ.